ಕುಡಚಿಯಿಂದ ಮಾಮಾನಿಗೆ ಬಂದ ಕರೆ

ನನ್ನ ಮಾಮಾನನ್ನು, ಅಂದರೆ ಅವ್ವನ ತಮ್ಮನನ್ನು, ದೇವರು ಯಾವುದೋ ದೊಡ್ಡ ಕೆಲಸಕ್ಕೆಂದೇ ಹುಟ್ಟಿಸಿದ್ದಾನೆ. ಯಾವ ಕೆಲಸಕ್ಕೆ ಎಂದು ಹೇಳುವುದನ್ನು ಮಾತ್ರ ಮರೆತುಬಿಟ್ಟಿದ್ದಾನೆ! ನಾನು ಹೀಗೆ ಅಂದರೆ ಚಿಕ್ಕೋಡಿಯ ನಮ್ಮ ಕ್ರೈಸ್ತ ಸಭೆಯ ಹಿರಿಯರು ಮುಖ ಗಂಟು ಹಾಕುತ್ತಾರೆ. ಮಾಮಾ ಮಾತ್ರ ಬೇಸರ ಮಾಡಿಕೊಳ್ಳುವುದಿಲ್ಲ. ದೇವರಿಗೆ ಸಾವಿರ ಕೆಲಸ ಇರುತ್ತವೆ, ತನ್ನ ಪಾಳಿ ಬಂದೇ ಬರುತ್ತದೆ ಎಂದು ಅರವತ್ತು ದಾಟಿದ ಮೇಲೂ ಕಾಯುತ್ತಿದ್ದಾನೆ.

ಕಾಯುವವನು ಕಾಲೂರಿ ನಿಲ್ಲುತ್ತಾನೆಯೇ? ಹಾಗಾಗಿ ಮಾಮಾ ಮಾಡಿದ್ದೆಲ್ಲ ‘ತಾತ್ಪುರ್ತಾ’, ಅಂದರೆ ಸದ್ಯದ ಮಟ್ಟಿಗೆ. ಕರೋಶಿಯಲ್ಲಿ ಹಿಟ್ಟಿನ ಗಿರಣಿ ನಡೆಸಿದ್ದು ತಾತ್ಪುರ್ತಾ. ಸಕ್ಕರೆ ಕಾರ್ಖಾನೆಯ ಗೇಟು ಕಾಯ್ದದ್ದು ತಾತ್ಪುರ್ತಾ. ಹರೆಯದಲ್ಲಿ ರಾಯಬಾಗ ಕಡೆಯ ಒಂದು ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರಂತೆ. ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಹುಡುಗಿಯ ಅಪ್ಪ ಕೇಳಿದಾಗ ಮಾಮಾ ಸತ್ಯವನ್ನೇ ನುಡಿದ. “ಇನ್ನೂ ಗೊತ್ತಾಗಿಲ್ರಿ. ಗೊತ್ತಾದ ಕೂಡ್ಲೇ ತಿಳಸ್ತೇನ್ರಿ.” ಚಹಾ ಆರುವ ಮೊದಲೇ ಸಂಬಂಧ ಆರಿಹೋಯಿತು.

ನಮ್ಮ ಮನೆಗೆ ಬಂದದ್ದೂ ಹಾಗೆಯೇ. ಅವ್ವನಿಗೆ ಲಕ್ವಾ ಹೊಡೆದು ಬಲಗೈಯೂ ಮಾತೂ ಹೋದಾಗ ಅಕ್ಕನನ್ನು ನೋಡಲು ಬಂದವನು ಸದ್ಯಕ್ಕೆ ಇರುತ್ತೇನೆಂದು ಉಳಿದ. ಎಷ್ಟೋ ವರ್ಷಗಳಾದವು, ಕೈಚೀಲ ಇನ್ನೂ ಗೂಟದಲ್ಲೇ ಇದೆ. ನಾನೂ ನನ್ನ ಹೆಂಡತಿಯೂ ನೌಕರಿಗೆ ಹೋಗುವವರು. ಅದೂ ಅಲ್ಲದೆ ಅವ್ವ ಮಾಮಾನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ತುತ್ತು ತೆಗೆದುಕೊಳ್ಳುವುದಿಲ್ಲ. ನಾನು ಉಣಿಸಲು ಕುಳಿತೆನೆಂದರೆ, ಹಾಲು ಸುಟ್ಟೀತೇ, ರೊಟ್ಟಿಯ ಚೂರು ಗಂಟಲಿಗೆ ಸಿಕ್ಕೀತೇ, ಸಿಕ್ಕರೆ ಯಾವ ಡಾಕ್ಟರು ಎಂದು ಚಿಂತಿಸುವಷ್ಟರಲ್ಲಿ ಹಾಲಿಗೆ ಕೆನೆ ಕಟ್ಟಿರುತ್ತದೆ. ಅವ್ವ ನನ್ನನ್ನು ಒಮ್ಮೆ ನೋಡಿ ಬಾಯಿ ಮುಚ್ಚಿಬಿಡುತ್ತಾಳೆ.

ಹೀಗಿರುವಾಗ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಕುಡಚಿಯ ಕಡೆಯಿಂದ ಇಬ್ಬರು ಹಿರಿಯರು ಬಂದರು. ಅಲ್ಲೊಂದು ಸಣ್ಣ ಸಭೆಯಂತೆ. ಮನೆಮನೆಗೆ ಹೋಗಿ ಪ್ರಾರ್ಥಿಸಲು, ವಾಕ್ಯ ಹೇಳಲು ಅಲ್ಲೇ ಉಳಿಯುವ ಸೇವಕ ಬೇಕಂತೆ. ಇರಲು ಒಂದು ಖೋಲಿಯೂ ಉಂಟು, ಮಾಮಾನೇ ಬರಬೇಕು ಎಂದರು. ಮುಂದಿನ ಶನಿವಾರ ಉತ್ತರ ಕೇಳಲು ಬರುತ್ತೇವೆ ಎಂದು ಹೇಳಿ ಹೋದರು. ಜನ್ಮವೆಲ್ಲ ಕಾದ ಕರೆ ಮೋಟರ್ ಸೈಕಲ್ ಹತ್ತಿಕೊಂಡು ಮನೆ ಬಾಗಿಲಿಗೇ ಬಂದಿತ್ತು! ಮಾಮಾನ ಮುಖ ದೀಪ ಹಚ್ಚಿದ ಹಾಗಾಯಿತು. ನನ್ನದು ಆರಿತು. ಇವನು ಹೋದರೆ ಅವ್ವನಿಗೆ ಉಣಿಸುವವರು ಯಾರು? ಬೇಡ ಎನ್ನಲೂ ಬಾಯಿಲ್ಲ. ಒಬ್ಬ ಮನುಷ್ಯನಿಗೆ ಬಂದ ದೇವರ ಕರೆಗೆ ಅಡ್ಡ ನಿಲ್ಲುವ ಧೈರ್ಯ ನನ್ನಂಥ ಪುಕ್ಕಲನಿಗೆ ಎಲ್ಲಿಂದ ಬರಬೇಕು? ಅಂದು ನಾನು ಮಾಡಿದ ಪ್ರಾರ್ಥನೆ ಇಷ್ಟೇ: ಕರ್ತನೇ, ನಿನ್ನ ಚಿತ್ತವೇ ಆಗಲಿ, ಆದರೆ ಕುಡಚಿಯಲ್ಲಿ ಆಗದಿರಲಿ.

ಮಾಮಾನಿಗೆ ಮಾತ್ರ ಬೇರೆಯೇ ಅನುಮಾನ. ಇದು ದೇವರ ಕರೆಯೋ, ಬರೀ ಆ ಇಬ್ಬರದೋ? ಹಿಂದಿನ ಕಾಲದ ಭಕ್ತನೊಬ್ಬ ಕಣದಲ್ಲಿ ಕುರಿಯ ಉಣ್ಣೆ ಹರವಿಟ್ಟು, ಉಣ್ಣೆ ಮಾತ್ರ ಇಬ್ಬನಿಗೆ ತೊಯ್ದು ನೆಲ ಒಣಗಿದ್ದರೆ ನೀನು ಕರೆದದ್ದು ನಿಜ ಎಂದು ದೇವರನ್ನು ಪರೀಕ್ಷಿಸಿದ ಕತೆಯನ್ನು ನಾವೆಲ್ಲ ಸಂಡೇ ಸ್ಕೂಲಿನಲ್ಲಿ ಕೇಳಿದವರೇ. ಕೇಳಿ ಬಿಟ್ಟವರು ನಾವು. ಮಾಮಾ ಸಂಜೆ ಕಂಬಳಿ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ. ನಮಗೆ ಕಣ ಎಲ್ಲಿದೆ? ಪಕ್ಕದ ಜೈನ ಸಾವಕಾರರ ಕಬ್ಬಿನ ಹೊಲದಲ್ಲೇ ಹಾಸಿ ಬಂದ.

ಬೆಳಿಗ್ಗೆ ನೋಡಿದರೆ ಕಂಬಳಿಯೂ ಹಸಿ, ನೆಲವೂ ಹಸಿ! ನಸುಕಿನಲ್ಲಿ ತ್ರೀ ಫೇಜ್ ಕರೆಂಟು ಬಂದು, ಪಂಪಿನ ಮೋಟರು ತಾನೇ ಚಾಲೂ ಆಗಿ, ಹೊಲಕ್ಕೆಲ್ಲ ನೀರು ಹರಿದು, ಕಂಬಳಿ ನಾಲ್ಕು ಸಾಲು ದಾಟಿ ತೇಲುತ್ತಿತ್ತು. ಸಾವಕಾರರು ಅದನ್ನು ಹಿಂಡುತ್ತ ನಿಂತಿದ್ದರು.

“ಏನ್ರಿ ಮಾಮಾ, ದೇವರನ್ನ ಕೇಳೂಕಿಂತ ಮೊದಲ ಕರೆಂಟ್ ಯಾವಾಗ ಬರತೈತಿ ಅಂತ ನನ್ನ ಒಂದ ಮಾತ ಕೇಳಬಾರದೇನ್ರಿ?”

ಹಸಿ ಅಂದರೆ ಬೇಡ ಎಂದೇ ಅರ್ಥವಿರಬೇಕು ಎಂದು ನಾನು ಮೆಲ್ಲಗೆ ಸೂಚಿಸಿದೆ. ಮಾಮಾ ಒಪ್ಪಲಿಲ್ಲ. ಪ್ರಶ್ನೆ ಮೇಲೆ ಮುಟ್ಟಿದೆ, ಉತ್ತರ ಹೊರಡಬೇಕಷ್ಟೆ ಎಂದ.

ಗುರುವಾರ ಬಸ್‌ಸ್ಟ್ಯಾಂಡಿಗೆ ಹೋದ. ಮೊದಲು ಕುಡಚಿ ದಿಕ್ಕಿನ ರಾಯಬಾಗದ ಗಾಡಿ ಬಂದರೆ ಕುಡಚಿಗೆ ಹೋಗುವುದು, ಆಚೆ ದಿಕ್ಕಿನ ನಿಪ್ಪಾಣಿಯದು ಬಂದರೆ ಇಲ್ಲೇ ಇರುವುದು ಎಂದು ದೇವರೊಂದಿಗೆ ಕರಾರಾಗಿತ್ತು. ಮೊದಲು ಬಂದ ಗಾಡಿಗೆ ಮುಂದೆ ರಾಯಬಾಗದ ಬೋರ್ಡು, ಹಿಂದೆ ನಿಪ್ಪಾಣಿಯದು! ಯಾವುದು ಖರೆ ಎಂದು ಕಂಡಕ್ಟರನನ್ನೇ ಕೇಳಿದ್ದಾನೆ. ಡ್ಯೂಟಿ ಬದಲಾಗಿದೆ, ಹೊಸ ಡ್ರೈವರು ಬಂದ ಮೇಲೆ ತಿಳಿಯುತ್ತದೆ ಎಂದನಂತೆ ಅವನು. ಎಂಥ ದೊಡ್ಡ ಮಾತು, ಇಂಥ ಪ್ರಸಂಗ ನಮ್ಮ ಪಾಸ್ಟರರೂ ಮಾಡಿಲ್ಲ ಎಂದು ಮಾಮಾ ದಿನವೆಲ್ಲ ಖುಷಿಯಾಗಿದ್ದ. ಉತ್ತರ ಮಾತ್ರ ಸಿಕ್ಕಿರಲಿಲ್ಲ.

ಶನಿವಾರ ಬಂತು. ಕುಡಚಿಯ ಹಿರಿಯರೂ ಬಂದರು, ಸರಿಯಾಗಿ ಅವ್ವನ ಊಟದ ಹೊತ್ತಿಗೆ. ನಾನು ರಜೆ ಹಾಕಿ ಮನೆಯಲ್ಲೇ ಕುಳಿತಿದ್ದೆ. “ಬರ್ರಿ, ಕೂಡ್ರಿ. ಅಕ್ಕಂದು ಊಟ ಆಗಲಿ” ಎಂದ ಮಾಮಾ, ಹಾಲಿನಲ್ಲಿ ರೊಟ್ಟಿ ಕಿವುಚುತ್ತ. ಅವ್ವನ ಊಟವೆಂದರೆ ಗಡಿಬಿಡಿಯ ಬಾಬತ್ತಲ್ಲ. ಒಂದು ತುತ್ತು ಬಾಯಿಗೆ ಬಂದರೆ ಕಿಟಕಿಯಾಚೆಯ ಬೇವಿನ ಮರವನ್ನು ಪೂರ್ತಿ ನೋಡಿ ಮುಗಿಸಿದ ಮೇಲೆ ನುಂಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾಳೆ. ಅಷ್ಟು ಹೊತ್ತೂ ಮಾಮಾ ಕೈಯಲ್ಲಿ ಮುಂದಿನ ತುತ್ತು ಹಿಡಿದು, ತಾನೂ ಮರ ನೋಡುತ್ತ ಕೂರುತ್ತಾನೆ. ಹಿರಿಯರಿಗೆ ಒಂದು ಚಹಾ ಆಯಿತು, ಇನ್ನೊಂದೂ ಆಯಿತು. ಕೊನೆಗೆ ಅವರಲ್ಲಿ ಹಿರಿಯರಾದವರು, ಬಿಳಿ ಟೋಪಿಯವರು, ಕೇಳಿಯೇಬಿಟ್ಟರು.

“ಏನಂದ್ರಿ ದೇವರು?”

ಮಾಮಾ ಅವ್ವನ ಗಲ್ಲ ಒರೆಸಿದ. ಪಾಠ ಬಾರದ ಹುಡುಗನ ಹಾಗೆ ತಲೆ ತಗ್ಗಿಸಿದ.

“ಏನೂ ಕೇಳಿಸಿಲ್ರಿ. ಸುಮ್ನ ಕುಂತ ಕೇಳೂಣು ಅಂತೀನಿ ಖರೆ, ಕುಂತ್ನೆಂದ್ರ ಸಾಕು, ಈಕಿ ಊಟದ ಹೊತ್ತ ಆಗಿರತೈತಿ.”

ಅವನು ಕ್ಷಮೆ ಕೇಳುವವನಂತೆಯೇ ಹೇಳಿದ. ಆ ಹಿರಿಯರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಅವ್ವನನ್ನೇ ನೋಡಿದರು. ಆಮೇಲೆ ಎದ್ದು ಬಂದು, ಮಂಚದ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಎತ್ತಿ ಮಾಮಾನ ಕೈಗೆ ಕೊಟ್ಟರು.

“ನೀರ ಕುಡಸ್ರಿ” ಎಂದರು.