ನಾಲ್ಕೂವರೆ ಫ್ಯಾಟು

ನಂದಗುಡಿ ಪಕ್ಕದ ಊರಿನ ಹಾಲಿನ ಡೈರಿಯಲ್ಲಿ, ಹಳೇ ಕಂಪ್ಯೂಟರಿನೊಳಗೆ ಇರುವೆಗಳು ಸಂಸಾರ ಹೂಡಿದ್ದೇ ಎಲ್ಲದಕ್ಕೂ ಮೂಲ. ಅದು ಕಣ್ಣು ಮುಚ್ಚಿತು. ಹೊಸಕೋಟೆಯಿಂದ ಹೊಸದು ಬಂತು.

ಹಳೆಯದರಲ್ಲಿ ಡೈರಿಯ ಕಾರ್ಯದರ್ಶಿ ವೇಣುಗೋಪಾಲ್ ಸ್ವತಃ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಮ್ ಒಂದಿತ್ತು. ಹಾಲು ಪರೀಕ್ಷಿಸುವ ಯಂತ್ರ ಹೇಳಿದ ಫ್ಯಾಟನ್ನು ಹಾಲು ಹಾಕಿದವರ ಹೆಸರಿನ ಜೊತೆಗೆ ಬಾಗಿಲ ಮೇಲಿನ ಬೋರ್ಡಿನಲ್ಲಿ ಕೆಂಪಗೆ ಬೆಳಗಿಸುವುದಷ್ಟೇ ಅದರ ಕೆಲಸ. ಬಟವಾಡೆಗೂ ಅದಕ್ಕೂ ಸಂಬಂಧವಿರಲಿಲ್ಲ. ಮಾನಕ್ಕೆ ಮಾತ್ರ ಇತ್ತು.

ಆ ಬೋರ್ಡಿನಲ್ಲಿ ವರ್ಷಾನುಗಟ್ಟಲೆಯಿಂದ ಊರಿಗೆಲ್ಲ ಮೂರು, ವೇಣುವಿನ ಅತ್ತೆ ಲಕ್ಕಮ್ಮನಿಗೊಬ್ಬಳಿಗೇ ನಾಲ್ಕು. ಡೈರಿ ಅಧ್ಯಕ್ಷ ಅಪ್ಪಯ್ಯಣ್ಣನಿಗೂ ಮೂರೇ. ಲಕ್ಕಮ್ಮ ಕ್ಯಾನು ಹಿಡಿದು ಬರುವ ಠೀವಿ ನೋಡಿದರೆ ಆ ಫ್ಯಾಟು ಹಸುವಿನದಲ್ಲ, ಆಕೆಯದೇ ಸಾಧನೆ ಅನ್ನಿಸುತ್ತಿತ್ತು. ಅತ್ತೆಯ ಮನೆಯಲ್ಲೇ ಇದ್ದ ವೇಣುವಿಗೂ ಆ ನಾಲ್ಕರಲ್ಲಿ ಪಾಲಿತ್ತು. ಅದು ಬೆಳಗಿದ ದಿನ ಅವನ ಕಾಫಿ ಲೋಟದ ತುಂಬ.

ಹೊಸ ಕಂಪ್ಯೂಟರಿಗೆ ಬರುತ್ತಿದ್ದುದು ಅದೇ ಭಾಷೆಯ ಹೊಸ ಆವೃತ್ತಿ, ಪೈಥಾನ್ ಮೂರು. ವೇಣು ಬರೆದದ್ದು ಪೈಥಾನ್ ಎರಡರಲ್ಲಿ. ಒಂದೇ ಮನೆತನವಾದರೂ ಇಬ್ಬರ ಮಾತುಕತೆ ಅಷ್ಟಕ್ಕಷ್ಟೆ. ಮೊದಲು ತೋರಿಸು ಅಂದರೆ ತೋರಿಸುತ್ತಿತ್ತು; ಈಗ ತೋರಿಸಬೇಕಾದ್ದನ್ನು ಆವರಣ ಚಿಹ್ನೆಯೊಳಗಿಟ್ಟು ತಾಂಬೂಲ ಕೊಟ್ಟ ಹಾಗೆ ಕೊಡಬೇಕು. ಬೆಳಗಿನ ಹಾಲು ಬರುವ ಮೊದಲೇ ವೇಣು ಎಲ್ಲಕ್ಕೂ ಆವರಣ ಹಾಕಿ ಗುಂಡಿ ಒತ್ತಿದ. ಬೋರ್ಡು ಬೆಳಗಿತು. ಅವನ ಮುಖವೂ.

ಅಪ್ಪಯ್ಯಣ್ಣ ಹಾಲು ಸುರಿದ. ಬೋರ್ಡು 3.5 ಎಂದಿತು.

"ಏನಯ್ಯ ವೇಣು ಇದು, ಮೂರಕ್ಕೆ ಬಾಲ ಬೆಳೆದೈತೆ?"

ವೇಣು ತಾನು ಬರೆದ ಸಾಲುಗಳನ್ನು ಇಣುಕಿ ನೋಡಿದ. ಯಂತ್ರ ಕಳಿಸುತ್ತಿದ್ದುದು ಮೂವತ್ತೈದು. ಅದನ್ನು ಹತ್ತರಿಂದ ಭಾಗಿಸಬೇಕು. ಪೈಥಾನ್ ಎರಡು ಭಾಗಿಸಿ, ಮಿಕ್ಕಿದ್ದನ್ನು ಸದ್ದಿಲ್ಲದೆ ಎಸೆಯುತ್ತಿತ್ತು. ಪೈಥಾನ್ ಮೂರು ಏನನ್ನೂ ಎಸೆಯದ ಜಾತಿ.

"ಹಳೇದು ಚಿಲ್ರೆ ತೋರಿಸ್ತಿರ್ಲಿಲ್ಲ ಅಣ್ಣ. ಇದು ತೋರಿಸ್ತೈತೆ."

"ಅಂದ್ರೆ ಇಷ್ಟು ವರ್ಷ ನನ್ ಅರ್ಧ ಎಲ್ಲೋಗಿತ್ತು?"

"ಎಲ್ಲೂ ಹೋಗಿರ್ಲಿಲ್ಲ. ಬೋರ್ಡಿಗೆ ಬರ್ಲಿಲ್ಲ, ಅಷ್ಟೆ."

"ನಿಮ್ಮತ್ತೆ ಮುಂದೆ ತಲೆ ತಗ್ಗಿಸ್ಕೊಂಡ್ ನಿಂತಿದ್ದು ನಾನು ಕಣಯ್ಯ, ಬೋರ್ಡಲ್ಲ."

ಅಷ್ಟರಲ್ಲಿ ಲಕ್ಕಮ್ಮನ ಸರದಿ. 4.5. ಆಕೆ ಅದನ್ನು ನೋಡಿದಳು, ಅಪ್ಪಯ್ಯಣ್ಣನ ಮಾತನ್ನು ಮನಸ್ಸಿನಲ್ಲೇ ಮಗುಚಿ ಹಾಕಿದಳು, ಅಳಿಯನ ಕಡೆ ತಿರುಗಿದಳು.

"ಹಂಗಾದ್ರೆ ನಂದೂ ಅರ್ಧ ನುಂಗಿದ್ರಿ. ಮನೇಲಿ ಮುದ್ದೆ ಸಾಲ್ದೇನಪ್ಪಾ ನಿಮ್ಗೆ?"

ಸಾಲಿನಲ್ಲಿದ್ದವರೆಲ್ಲ ತಂತಮ್ಮ ಕಳೆದ ಚೂರನ್ನು ಕೇಳತೊಡಗಿದರು. ಹಾಲು ಅಳೆಯುವ ಹುಡುಗ ಅಫ್ಸರ್ ಲೀಟರಿನ ಅಳತೆ ಪಾತ್ರೆ ಕೆಳಗಿಟ್ಟು ನಡುವೆ ಬಾಯಿ ಹಾಕಿದ.

"ಚುಕ್ಕಿ ಗಿಕ್ಕಿ ಬೇಡ ಗುರು, ವಯಸ್ಸಾದೋರ್ಗೆ ಕಾಣಲ್ಲ. ಸ್ಕೂಲಲ್ಲಿ ಅರ್ಧ ಮಾರ್ಕ್ಸ್ ಬಂದ್ರೆ ಮೇಷ್ಟ್ರು ಮೇಲಕ್ಕೆತ್ತಿ ಪೂರ್ತಿ ಮಾಡ್ತಿರ್ಲಿಲ್ವಾ? ಹಂಗ್ ಮಾಡು."

ಎಲ್ಲರೂ ಲೆಕ್ಕ ಹಾಕಿದರು. ಅಪ್ಪಯ್ಯಣ್ಣನಿಗೆ ನಾಲ್ಕು, ಲಕ್ಕಮ್ಮನಿಗೆ ಐದು.

"ನಂಗೆ ನಾಲ್ಕು ಬಂದ್ರೆ ಸಾಕು," ಎಂದ ಅಪ್ಪಯ್ಯಣ್ಣ. "ಈ ಬೆಳಗಿನ ಹಾಲಿಂದೇ ಸಂಜೆ ತಿರ್ಗಾ ಹಾಕು. ಊರು ನೋಡ್ಲಿ."

"ನಂಗೆ ಐದು ಬಂದ್ಮೇಲೆ ಅವ್ರು ನಾಲ್ಕು ಇಟ್ಕೊಳ್ಲಿ ಬಿಡಿ," ಎಂದಳು ಲಕ್ಕಮ್ಮ, ಹಳೇ ಸೀರೆ ದಾನ ಕೊಡುವವಳಂತೆ.

"ಐದು ಬಂದೇ ಬರುತ್ತೆ ಅತ್ತೆ. ನನ್ನ ಮಾತು," ಎಂದುಬಿಟ್ಟ ವೇಣು.

ಅರ್ಧವನ್ನು ಪೂರ್ತಿ ಮಾಡಲು ಪೈಥಾನಿನಲ್ಲಿ ಸಿದ್ಧ ಪದವೇ ಇದೆ. ಅದು ವೇಣುವಿಗೆ ಕಾಲೇಜಿನಿಂದಲೇ ಬಾಯಿಪಾಠ. ಬಾಯಿಪಾಠವಾದದ್ದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡುತ್ತಾರೆಯೆ? ಒಂದು ಸಾಲು ಬರೆದು ಮನೆಗೆ ಬಂದ. ಅಲ್ಲಿ ಲಕ್ಕಮ್ಮ ಊರಿಗಾಗುವಷ್ಟು ಕಜ್ಜಾಯ ಬೇಯಿಸುತ್ತಿದ್ದಳು.

ಸಂಜೆ ಡೈರಿಯ ಮುಂದೆ ಕಜ್ಜಾಯದ ಡಬ್ಬಿ ಕೈಯಿಂದ ಕೈಗೆ ದಾಟಿತು. ವೇಣು ಗುಂಡಿ ಒತ್ತಿದ.

ಅಪ್ಪಯ್ಯಣ್ಣ: 4. ಜನ ಶಿಳ್ಳೆ ಹಾಕಿದರು.

ಲಕ್ಕಮ್ಮ: 4.

ಶಿಳ್ಳೆ ಅರ್ಧಕ್ಕೇ ನಿಂತಿತು. ಮೊದಲು ಚೇತರಿಸಿಕೊಂಡವನು ಅಪ್ಪಯ್ಯಣ್ಣ. ಡಬ್ಬಿಗೆ ಕೈ ಹಾಕಿ ಇನ್ನೊಂದು ತೆಗೆದುಕೊಂಡ. "ಕಜ್ಜಾಯ ಹದವಾಗವೆ ಲಕ್ಕಮ್ಮ."

ವೇಣು ಫೋನಿನಲ್ಲಿ ಹುಡುಕಿ ಓದಿದ. ಪೈಥಾನ್ ಎರಡು ಅರ್ಧವನ್ನು ಮೇಲಕ್ಕೆತ್ತುತ್ತಿತ್ತು. ಪೈಥಾನ್ ಮೂರು, ಸರಿಯಾಗಿ ಅರ್ಧ ಬಂದರೆ, ಪಕ್ಕದ ಸಮಸಂಖ್ಯೆಗೆ ಒಯ್ಯುತ್ತದೆ.

"ಅವರು ಮೂರೂವರೆಯಿಂದ ನಾಲ್ಕಕ್ಕೆ ಹತ್ತಿದ್ರು ಅತ್ತೆ. ನೀವು ನಾಲ್ಕೂವರೆಯಿಂದ ನಾಲ್ಕಕ್ಕೆ ಇಳಿದ್ರಿ. ಐದು ಬೆಸ ನೋಡಿ, ಅದಕ್ಕಾಗಲ್ಲ."

"ಅರ್ಧಕ್ಕೂ ಅರ್ಧಕ್ಕೂ ಭೇದ ಮಾಡ್ತೈತಾ?"

"ಹೂಂ."

"ಬರೀ ಅರ್ಧ ಇದ್ರೆ ಏನ್ಮಾಡ್ತೈತೆ?"

ಸುಳ್ಳು ಹೇಳಬಹುದಿತ್ತು. ಪ್ರಾಮಾಣಿಕತೆ ಅವನ ದೊಡ್ಡ ದೌರ್ಬಲ್ಯ. "ಸೊನ್ನೆ ಮಾಡುತ್ತೆ ಅತ್ತೆ. ಸೊನ್ನೆ ಸಮಸಂಖ್ಯೆ."

"ಓಹೋ," ಎಂದಳು ಲಕ್ಕಮ್ಮ. ಕಜ್ಜಾಯದ ಡಬ್ಬಿ ಎತ್ತಿಕೊಂಡು ಮನೆ ಕಡೆ ಹೊರಟಳು.

ಮನೆಗೆ ಬಂದು ಕೂತವನ ಕೈಗೆ ಕಾಫಿ ಬಂತು. ಬೈಗುಳ ಬರಬಹುದೆಂದು ಹೆದರಿದ್ದ ವೇಣು ಹಿಗ್ಗಿ, ಲೋಟದೊಳಗೆ ಇಣುಕಿದ.

"ಇದೇನತ್ತೆ, ಅರ್ಧ ಲೋಟ?"

"ಅರ್ಧ ಎಲ್ಲೈತಪ್ಪಾ?" ಲಕ್ಕಮ್ಮ ಮೆಲ್ಲಗೆ ಲೋಟವನ್ನು ಅವನ ಕೈಯಿಂದ ಬಿಡಿಸಿಕೊಂಡಳು. "ನಿಮ್ ಹೊಸ ಲೆಕ್ಕದಲ್ಲಿ ಇದು ಸೊನ್ನೆ."

ಮತ್ತು ಆ ಸೊನ್ನೆಯನ್ನು ತಾನೇ, ಸೊರ್ ಎಂದು ಸದ್ದು ಮಾಡುತ್ತಾ, ಕುಡಿದು ಮುಗಿಸಿದಳು.