ಎದುರು ಪಕ್ಷದಲ್ಲಿ ನನ್ನ ಮೈದುನ

ಪುಸ್… ಪುಸ್… ಪುಸ್… ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುವ ಹೊತ್ತಿಗೆ ನಮ್ಮ ಜಗುಲಿಯಿಂದ ಈ ಸದ್ದು ಬರುತ್ತಿತ್ತು. ನೆಂಟರು ಯಾರಾದರೂ ಉಳಿದುಕೊಂಡಿದ್ದರೆ "ಹಾವಾ?" ಎಂದು ಮಂಚದ ಮೇಲೆ ಕಾಲೆತ್ತಿಕೊಂಡು ಕೂರುತ್ತಿದ್ದರು. ಹಾವಲ್ಲ, ನನ್ನ ಮೈದುನ! ಕೊಪ್ಪದ ಕಾಲೇಜಿನ ಫುಟ್‌ಬಾಲಿಗೆ ಸೈಕಲ್ ಪಂಪಿನಿಂದ ಗಾಳಿ ಹಾಕುತ್ತಿದ್ದ. ಅದಕ್ಕೆಲ್ಲೋ ಕಣ್ಣಿಗೆ ಕಾಣದ ತೂತು. ಬೆಳಿಗ್ಗೆ ಉಬ್ಬಿದ ಚೆಂಡು ಸಂಜೆಯ ಆಟ ಮುಗಿಯುವಷ್ಟರಲ್ಲಿ ಹಳೆಯ ದಿಂಬಿನಂತೆ ಆಗಿರುತ್ತಿತ್ತು. ನಮ್ಮ ಟೀಮಿನ ಕಥೆಯೂ ಅದೇ.

ಫುಟ್‌ಬಾಲಿನ ವಿಷಯದಲ್ಲಿ ನನ್ನ ಮೈದುನನಿಗೆ ಗೊತ್ತಿಲ್ಲದ್ದು ಒಂದೇ ಒಂದು: ಫುಟ್‌ಬಾಲು. ಉಳಿದದ್ದೆಲ್ಲ ಗೊತ್ತಿತ್ತು. ನಾನು ಎಕ್ಸಾಜರೇಟ್ ಮಾಡುತ್ತಿದ್ದೇನೆ ಅನ್ನುತ್ತೀರಾ? ಸ್ವಲ್ಪ ಮಾತ್ರ.

ಕರೆಂಟ್ ಆಫೀಸಿನಿಂದ ರಿಟೈರ್ ಆಗಿ ನಮ್ಮ ಮನೆಯಲ್ಲೇ ಇದ್ದ. ಮದುವೆ ಇಲ್ಲ. ವಯಸ್ಸಿನಲ್ಲಿ ಒಮ್ಮೆ ಹೆಣ್ಣು ನೋಡಲು ಹೋಗಿದ್ದನಂತೆ. ಹುಡುಗಿಯ ತಂದೆ ಉಪ್ಪಿಟ್ಟಿಗೆ ಈರುಳ್ಳಿ ಹಾಕಬಾರದು ಅಂದರಂತೆ, ಇವನು ಹಾಕಬೇಕು ಅಂದನಂತೆ. ಮಧ್ಯಾಹ್ನದವರೆಗೆ ವಾದ ನಡೆದು ಹುಡುಗಿಯ ತಂದೆ ಸೋತು ಸುಣ್ಣವಾದರು. ವಿಜಯಿಯಾಗಿ ಮನೆಗೆ ಬಂದ. ಹುಡುಗಿಯನ್ನು ನೋಡುವುದು ಮರೆತೇಹೋಗಿತ್ತು!

ಈ ಗೀಳೆಲ್ಲ ತಾಳಮದ್ದಲೆಯದ್ದು. ವೇಷವಿಲ್ಲ, ಕುಣಿತವಿಲ್ಲ, ಮದ್ದಲೆಯ ಪಕ್ಕ ಪಂಚೆ ಉಟ್ಟು ಕೂತು ಬರೀ ಮಾತಿನಲ್ಲೇ ಯುದ್ಧ ಮಾಡುವ ಕಲೆ. ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಎಲ್ಲಿ ಕೂಟ ಇದ್ದರೂ ಇವನಿಗೆ ಕರೆ ಬರುತ್ತಿತ್ತು. ಮಾತಾಡುವುದಕ್ಕೆ ಅವರು 'ಅರ್ಥ ಹೇಳುವುದು' ಅನ್ನುತ್ತಾರೆ. ಕೊನೆಯಲ್ಲಿ ಬಾಣ ತಿಂದು ಬೀಳುವವನ ಅರ್ಥ ಯಾವಾಗಲೂ ಇವನಿಗೇ. ಕಥೆಯಲ್ಲಿ ಸಾಯುತ್ತಿದ್ದ, ಮಾತಿನಲ್ಲಿ ಮಾತ್ರ ಒಂದು ದಿನವೂ ಸೋಲುತ್ತಿರಲಿಲ್ಲ. ಕೊಂದವನು ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಿದ್ದ!

ಇಂಥವನು ಫುಟ್‌ಬಾಲಿಗೆ ಹೇಗೆ ಬಂದ? ಎರಡು ಸಾವಿರದ ಇಸವಿ ಕಳೆದ ಹೊಸತು. ಕಾಲೇಜಿನ ಪಿ.ಟಿ. ಮೇಷ್ಟ್ರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪ್ರಿನ್ಸಿಪಾಲರು ಬನ್ಸ್ ತಿನ್ನುತ್ತಿದ್ದಾಗ ಪಕ್ಕದ ಟೇಬಲ್ಲಿನಲ್ಲಿ ಇವನು ನಮ್ಮ ಹುಡುಗರು ಯಾಕೆ ಸೋಲುತ್ತಾರೆ ಎಂದು ಮೂರು ಜನರಿಗೆ ಅರ್ಥ ಹೇಳುತ್ತಿದ್ದ. "ಇಷ್ಟು ಗೊತ್ತಿದ್ದ ಮೇಲೆ ನೀವೇ ನೋಡ್ಕೊಳ್ಳಿ ಸ್ವಾಮಿ," ಎಂದುಬಿಟ್ಟರು ಪ್ರಿನ್ಸಿಪಾಲರು. ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ಇವನು ಅಪಾಯಿಂಟ್‌ಮೆಂಟ್ ಆರ್ಡರ್ ಎಂದುಕೊಂಡ.

ನಮ್ಮ ಎದುರಾಳಿ ಎನ್.ಆರ್.ಪುರದ ಕಾಲೇಜು. ಅವರನ್ನು ಸೋಲಿಸುವುದೆಂದರೆ ಸುಮ್ಮನೆ ಆಯಿತೇ? ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದರೆ ಆ ಊರಿನ ಹುಡುಗರಿಗೆ ಹಪ್ಪಳದಂಥ ಸಪಾಟು ನೆಲ. ಕೇರಳದ ಕಡೆಯಿಂದ ಬಂದು ರಬ್ಬರ್ ಹಾಕಿದ ಮನೆಗಳ ಮಕ್ಕಳಂತೂ ಅಂಬೆಗಾಲಿಡುವಾಗಲೇ ಡ್ರಿಬ್ಲಿಂಗ್ ಮಾಡುತ್ತಿದ್ದವು. ನಮ್ಮ ಕೊಪ್ಪದಲ್ಲಿ? ಮೇಜಿನಗಲ ಸಪಾಟು ಜಾಗ ಸಿಕ್ಕರೆ ಅಲ್ಲೊಂದು ಅಂಗಡಿ ಎದ್ದಿರುತ್ತದೆ. ಕಾಲೇಜಿನ ಗ್ರೌಂಡು ಮನೆಯ ಮಾಡಿನಂತೆ ಇಳಿಜಾರು. ಕೆಳಗಿನ ಗೋಲಿಗೆ ಚೆಂಡು ತಾನೇ ಹೋಗುತ್ತದೆ, ಮೇಲಿನ ಗೋಲಿಗೆ ಹೊತ್ತುಕೊಂಡು ಹೋದರೂ ಕಷ್ಟ. ನಮ್ಮ ಹುಡುಗರು ಟಾಸ್ ಗೆದ್ದರೆ "ಇಳಿಜಾರು ಸರ್!" ಎಂದು ಕೂಗುತ್ತಿದ್ದರು.

ಆದರೂ ನನ್ನ ಮೈದುನನ ಲೆಕ್ಕ ಒಂದೇ.

"ಈ ಸಲ ಚಾನ್ಸ್ ಹೇಗಿದೆ ಮಾರಾಯ?" ಎಂದು ಕೇಳುತ್ತಿದ್ದೆ.

"ಫಿಫ್ಟಿ-ಫಿಫ್ಟಿ ಅತ್ತಿಗೆ."

"ಹೋದ ವರ್ಷವೂ ಹಾಗೇ ಅಂದಿದ್ದೆ. ಸ್ಕೋರ್ ಬೋರ್ಡಿನವನಿಗೆ ಅಂಕಿಯ ಹಲಗೆಗಳೇ ಮುಗಿದುಹೋದವು!"

"ಎರಡು ಪಕ್ಷ ಇವೆ. ಇಬ್ಬರಲ್ಲಿ ಒಬ್ಬರು ಗೆಲ್ಲಬೇಕು. ಹೌದೋ ಅಲ್ಲವೋ? ಹಾಗಾದರೆ ಫಿಫ್ಟಿ-ಫಿಫ್ಟಿ. ನಿಮ್ಮ ಕಾನ್ವೆಂಟಿನಲ್ಲಿ ಇದನ್ನ ಕಲಿಸಲಿಲ್ವಾ?"

ಕಾನ್ವೆಂಟಿನಲ್ಲಿ ಸಿಸ್ಟರುಗಳು ಪ್ರಾಬಬಿಲಿಟಿ ಕಲಿಸಿದ್ದರು. ಈ ಮೈದುನನ ಮುಂದೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿರಲಿಲ್ಲ. ಅದನ್ನು ನಾನೇ ಕಲಿತೆ.

ಇನ್ನು ಅವನ ಕೋಚಿಂಗು! ಓಡುವುದು, ಬಸ್ಕಿ ಹೊಡೆಯುವುದು ಎಲ್ಲ ಎರಡನೆಯ ದರ್ಜೆಯ ವಿದ್ಯೆ ಎಂದು ಅವನ ಮತ. ಎದುರಾಳಿಯ ಧೈರ್ಯವನ್ನು ಮೊದಲು ಮಾತಿನಿಂದ ಮುರಿಯಬೇಕು. ಆಮೇಲೆ ಕಾಲು ಎತ್ತಿದರೂ ಸಾಕು, ಎತ್ತದಿದ್ದರೂ ಸಾಕು. ಸಂಜೆ ನಾಲ್ಕಕ್ಕೆ ಹುಡುಗರನ್ನು ಇಳಿಜಾರಿನಲ್ಲಿ ಸಾಲಾಗಿ ಕೂರಿಸಿ ಅರ್ಥ ಹೇಳಿಸುತ್ತಿದ್ದ. ಗೋಲ್‌ಕೀಪರ್ ಹುಡುಗ ಒಳ್ಳೆಯ ಶಿಷ್ಯ. ಒಂದು ಮ್ಯಾಚಿನಲ್ಲಿ ಎನ್.ಆರ್.ಪುರದವನು ಚೆಂಡು ತಳ್ಳಿಕೊಂಡು ಬಂದಾಗ ಇವನು ಕೈಯೆತ್ತಿ, "ನಿಲ್ಲು! ಯಾವ ಧೈರ್ಯದಿಂದ ಈ ಬಾಗಿಲಿಗೆ ಬಂದೆ? ಇದನ್ನು ಕಾಯುವವನು ಯಾರೆಂದು ಬಲ್ಲೆಯಾ?" ಎಂದು ಶುರುಮಾಡಿದ. ಅವನು ಪಾಪ, ಒಳ್ಳೆಯ ಮನೆತನದ ಹುಡುಗ. ನಿಂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಗೋಲು ಹೊಡೆದ.

"ಎಂತ ಹೇಳ್ತೀಯ ಇದಕ್ಕೆ?" ಎಂದೆ.

"ಗೋಲು ಅವರದ್ದು, ಪಾಯಿಂಟು ನಮ್ಮದು," ಎಂದ.

ಹೀಗೇ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಕಾಲೇಜಿಗೆ ಕಂಪ್ಯೂಟರು ಬಂತು. ಧೂಳಾದೀತು ಎಂದು ಯಾರೂ ಕವರು ತೆಗೆಯಲಿಲ್ಲ, ಅದು ಬೇರೆ ಮಾತು. ಅದಕ್ಕೊಂದು ಬ್ಲಾಕ್ ಬೇಕು, ಬ್ಲಾಕಿಗೆ ಜಾಗ ಬೇಕು. ಕಮಿಟಿಯವರು ಎರಡು ಸಲ ಕೇಸರಿಬಾತು ತಿಂದು ತೀರ್ಮಾನಿಸಿದರು: ಈ ಸಲ ಎನ್.ಆರ್.ಪುರದ ಮೇಲೆ ಗೆದ್ದರೆ ಗ್ರೌಂಡು ಹುಡುಗರಿಗೆ, ಸೋತರೆ ಟೀಮು ಬಂದ್, ಗ್ರೌಂಡು ಬ್ಲಾಕಿಗೆ.

ಆ ದಿನ ಮೈದುನ ಊಟಕ್ಕೆ ಕೂತವನು ಸಾರನ್ನ ಕಲಸುತ್ತಲೇ ಇದ್ದ.

"ಕಂಪ್ಯೂಟರೂ ಬೇಕಲ್ಲ," ಎಂದೆ. ವಾದಕ್ಕೆ ಎಳೆದರೆ ಎರಡು ತುತ್ತು ತಿಂದಾನು ಎಂದು.

ಅವನು ವಾದ ಮಾಡಲಿಲ್ಲ. "ಅತ್ತಿಗೆ, ಸಂಜೆ ನಾಲ್ಕಾದ ಮೇಲೆ ನಾನು ಎಲ್ಲಿಗೆ ಹೋಗೋದು?" ಎಂದು ಕೇಳಿದ. ಮಜ್ಜಿಗೆ ಬಡಿಸಿದೆ.

ಮ್ಯಾಚು ಇಬ್ಬರಿಗೂ ಸೇರದ ಶೃಂಗೇರಿಯಲ್ಲಿ. ನಾನೂ ಜೀಪು ಹತ್ತಿದೆ. ಶೃಂಗೇರಿಯವರು ತಾಳಮದ್ದಲೆಯ ಹುಚ್ಚಿನವರು, ಕಾಮೆಂಟರಿಯನ್ನೂ ಹಾಗೇ ಮಾಡಿದ್ದರು. ಒಂದು ಮೇಜು, ಎರಡು ಮೈಕು, ಎರಡು ಪಕ್ಷ. ಕೊಪ್ಪದ ಪರ ನನ್ನ ಮೈದುನ, ಎನ್.ಆರ್.ಪುರದ ಪರ ಆ ಊರಿನ ಒಬ್ಬ ಮೇಷ್ಟ್ರು. ಆಟ ಶುರುವಾಗಬೇಕು ಅನ್ನುವಾಗ ಕಾಯಿನ್ ಬೂತಿನಿಂದ ಫೋನು ಬಂತು. ಮೇಷ್ಟ್ರ ಬಸ್ಸು ಬಾಳೆಹೊನ್ನೂರಿನ ಹತ್ತಿರ ಕೆಟ್ಟು ನಿಂತಿದೆ!

ಸಂಘಟಕರು ಕೈಮುಗಿದುಕೊಂಡು ನನ್ನ ಮೈದುನನ ಹತ್ತಿರ ಬಂದರು. "ನಿಮ್ಮ ಕಡೆಗೆ ಯಾರಾದರೂ ಲೆಕ್ಚರರು ಮಾತಾಡ್ತಾರೆ. ಎನ್.ಆರ್.ಪುರದ ಅರ್ಥ ಇವತ್ತು ನೀವೇ ಹೇಳಬೇಕು."

ನಾನು ಅವನ ಶರ್ಟು ಹಿಡಿದು ಎಳೆದೆ. "ಆಗೋದಿಲ್ಲ ಅನ್ನು ಮಾರಾಯ!"

"ಕೊಟ್ಟ ಅರ್ಥ ಬೇಡ ಅನ್ನೋ ಪದ್ಧತಿ ನಮ್ಮಲ್ಲಿಲ್ಲ ಅತ್ತಿಗೆ."

"ಹಾಗಾದರೆ ಸುಮ್ಮನೆ ಕಾಟಾಚಾರಕ್ಕೆ ನಾಲ್ಕು ಮಾತಾಡಿ ಮುಗಿಸು."

ನನ್ನನ್ನು ಅವನು ನೋಡಿದ ರೀತಿ! ದೇವರ ನೈವೇದ್ಯಕ್ಕೆ ಎಂಜಲು ಇಡು ಎಂದು ನಾನು ಹೇಳಿದ ಹಾಗೆ. ಶಲ್ಯ ಸರಿಮಾಡಿಕೊಂಡು ಹೋಗಿ ಆ ಕಡೆಯ ಕುರ್ಚಿಯಲ್ಲಿ ಕೂತೇಬಿಟ್ಟ.

ಶುರುವಾಯಿತು ನೋಡಿ. "ಎಲಾ ಕೊಪ್ಪದ ಕುವರರಿರಾ! ಉರುಳುವುದನ್ನೇ ಓಟವೆಂದು ತಿಳಿದ ಮುಗ್ಧರಿರಾ! ಇದು ಸಮತಟ್ಟಾದ ನೆಲ. ಇಲ್ಲಿ ಚೆಂಡು ತಾನಾಗಿ ಹೋಗುವುದಿಲ್ಲ, ಒದೆಯಬೇಕು!" ಜನ ಬಿದ್ದು ಬಿದ್ದು ನಕ್ಕರು. ನಮ್ಮ ಕಡೆಯ ಲೆಕ್ಚರರು ಮೈಕಿನಲ್ಲಿ, "ಚೆಂಡು ಹೋಗ್ತಾ ಇದೆ… ಚೆಂಡು ಬರ್ತಾ ಇದೆ…" ಅನ್ನುತ್ತಿದ್ದರು. ಪೂರ್ ಫೆಲೋ!

ನಮ್ಮ ಹುಡುಗರು ಆ ದಿನ ಚೆನ್ನಾಗಿಯೇ ಆಡಿದರು, ಸುಳ್ಳು ಹೇಳಬಾರದು. ಹಾಫ್ ಟೈಮಿನವರೆಗೂ ಗೋಲಿಲ್ಲ. ನನ್ನ ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಬ್ಲಾಕಿನ ಆಸೆ ಬಿಟ್ಟು ಚಪ್ಪಾಳೆ ಹೊಡೆಯಲು ಶುರುಮಾಡಿದ್ದರು.

ಅಷ್ಟರಲ್ಲಿ ಎನ್.ಆರ್.ಪುರದ ಮೈಕು ಗುಡುಗಿತು. "ಕೋಟೆ ಗಟ್ಟಿಯೆಂದು ಹಿಗ್ಗುವಿರಾ? ಅದರ ಎಡಬಾಗಿಲನ್ನು ನಾನು ಬಲ್ಲೆ! ಅಲ್ಲಿ ನಿಂತವನು ಬಲಕ್ಕೆ ಮಾತ್ರ ತಿರುಗುವ ಬಸ್ಸು! ಎಡಕ್ಕೆ ತಿರುಗಬೇಕಾದರೆ ರಿವರ್ಸ್ ತೆಗೆಯಬೇಕು!"

ಜನರೆಲ್ಲ ಹೋ ಎಂದರು. ಎನ್.ಆರ್.ಪುರದ ಹುಡುಗರು ಮಾತ್ರ ನಗಲಿಲ್ಲ, ಕೇಳಿಸಿಕೊಂಡರು. ಮರುಕ್ಷಣವೇ ಚೆಂಡು ಆ ಎಡಬಾಗಿಲಿನಿಂದಲೇ ಒಳಗೆ ಹೋಯಿತು. ಗೋಲ್!

"ಟ್ರೇಟರ್!" ಎಂದು ನಾನು ಎದ್ದುನಿಂತು ಕೂಗಿದೆ. ಸಿಸ್ಟರುಗಳು ಕಲಿಸಿದ ಸ್ಪೋರ್ಟ್ಸ್‌ಮನ್‌ಶಿಪ್ಪೆಲ್ಲ ಎಲ್ಲಿ ಹೋಯಿತೋ! ಆ ಒಂದೇ ಗೋಲಿನಿಂದ ನಾವು ಸೋತೆವು. ನನ್ನ ಮೈದುನ ಜೀವನದಲ್ಲಿ ಮೊದಲ ಸಲ ಗೆದ್ದ ಪಕ್ಷದಲ್ಲಿ ಕೂತಿದ್ದ. ಎನ್.ಆರ್.ಪುರದವರು ಅವನ ಕೊರಳಿಗೆ ಹಾರ ಹಾಕಿದರು.

ನಮ್ಮ ಹುಡುಗರು ಇವನನ್ನು ಹೊಡೆಯಲು ಬರುತ್ತಾರೆ ಎಂದು ನಾನು ಕೊಡೆ ಗಟ್ಟಿಯಾಗಿ ಹಿಡಿದುಕೊಂಡೆ. ಬಂದರು. ಬಂದು ಸಾಲಾಗಿ ಕಾಲಿಗೆ ಬಿದ್ದರು! "ಎಂಥಾ ಅರ್ಥ ಸರ್!" ಎಂದ ಒಬ್ಬ. ಆ ಎಡಬಾಗಿಲಿನವನಂತೂ ಮುಖ ಅರಳಿಸಿಕೊಂಡು, "ನನ್ನ ಮೇಲೆ ಹೇಳಿದ್ದು ಸೂಪರ್ ಸರ್. ನಮ್ಮಪ್ಪನೂ ಕೇಳಿಸಿಕೊಂಡ್ರು," ಎಂದ.

ನನ್ನ ಮೈದುನ ಹಾರ ಕಿತ್ತು ಮೇಜಿನ ಮೇಲೆ ಒಗೆದ. "ಸೋತಿರಲ್ರೋ! ನಾಚಿಕೆ ಆಗೋದಿಲ್ವಾ ನಿಮಗೆ? ಬಾಯಿ ನನ್ನದು, ಕಾಲು ನಿಮ್ಮದಲ್ವೇನ್ರೋ! ಕೇಳ್ತಾ ಯಾಕೆ ನಿಂತ್ರಿ?" ಅವನು ಮಕ್ಕಳನ್ನು ಗದರಿದ್ದು ನಾನು ಅವತ್ತೇ ನೋಡಿದ್ದು. ಹುಡುಗರು ಅದಕ್ಕೂ ಚಪ್ಪಾಳೆ ಹೊಡೆದರು, ಅದೂ ಅರ್ಥದ ಮುಂದುವರಿಕೆ ಎಂದುಕೊಂಡು.

ವಾಪಸು ಬರುವಾಗ ಜೀಪಿನಲ್ಲಿ ನನಗೇ ತಡೆಯಲಾಗಲಿಲ್ಲ. "ಅಷ್ಟು ಚೆನ್ನಾಗಿ ಹೇಳಬೇಕಾಗಿತ್ತಾ? ಒಂದು ಕಡೆಯಾದರೂ ಸ್ವಲ್ಪ ಕಡಿಮೆ ಮಾಡಬಹುದಿತ್ತು."

"ಮಾಡಿದೆ ಅತ್ತಿಗೆ," ಎಂದ, ಹೊರಗೆ ನೋಡುತ್ತಾ. "ಗೋಲ್‌ಕೀಪರನಿಗೆ ಎಡಗಣ್ಣು ಸರಿಯಾಗಿ ಕಾಣೋದಿಲ್ಲ. ನನಗೊಬ್ಬನಿಗೇ ಗೊತ್ತಿದ್ದದ್ದು. ಆ ಮಾತು ಬಾಯಿಯವರೆಗೂ ಬಂತು. ಎತ್ತಲಿಲ್ಲ." ಶಲ್ಯದಿಂದ ಮುಖ ಒರೆಸಿಕೊಂಡು, "ಎನ್.ಆರ್.ಪುರದವರಿಗೆ ಅಷ್ಟು ಅನ್ಯಾಯ ಮಾಡಿದೆ," ಎಂದ.

ಹರಿಹರಪುರ ದಾಟುವವರೆಗೂ ಕಾನ್ವೆಂಟಿನವಳಿಗೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

ಗ್ರೌಂಡಿನಲ್ಲಿ ಕಂಬಗಳು ಎದ್ದವು. ಶಿಲಾನ್ಯಾಸಕ್ಕೆ ಬಂದ ಮುಖ್ಯ ಅತಿಥಿಗಳು ಕ್ರೀಡೆಯ ಮಹತ್ವದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಮೈದುನ ತಾಳಮದ್ದಲೆಯ ಕರೆಗಳನ್ನೂ ಒಂದೊಂದಾಗಿ ಬಿಟ್ಟ. ಸಂಜೆಯ ಹೊತ್ತು ನಮ್ಮ ಅಡುಗೆಮನೆಯಲ್ಲಿ ಬಂದು ಕೂರುತ್ತಿದ್ದ. "ಇವತ್ತು ಎಂತ ಪಲ್ಯ?" ಎಂದು ಕೇಳುತ್ತಿದ್ದ. ಬೀನ್ಸು ಅಂದರೆ ಬೀನ್ಸು, ಬದನೆ ಅಂದರೆ ಬದನೆ. ಒಂದಕ್ಕೂ ಎದುರು ಹೇಳುತ್ತಿರಲಿಲ್ಲ. ಆ ಮನೆಯಲ್ಲಿ ನನಗೆ ಅಷ್ಟು ಭಯವಾದದ್ದು ಮತ್ತೆ ಯಾವುದಕ್ಕೂ ಅಲ್ಲ.

ಮುಂದಿನ ಬೇಸಿಗೆಯಲ್ಲಿ ಮುತ್ತಿನಕೊಪ್ಪದಲ್ಲಿ ನಮ್ಮ ಕಡೆಯದೊಂದು ಮದುವೆ. ಊಟದ ಪಂಕ್ತಿಯಲ್ಲಿ ಮೈದುನನ ಎಲೆ ಖಾಲಿ. ಎಲ್ಲಿ ಹುಡುಕಿದರೂ ಇಲ್ಲ. ಎನ್.ಆರ್.ಪುರದ ಬಸ್ಸು ಹತ್ತಿದರು ಎಂದು ಅಡಿಗೆಯವರೊಬ್ಬರು ಹೇಳಿದರು. ಊರಿಗೆ ವಾಪಸು ಹೊರಟ ಜೀಪನ್ನು ನಾನೇ ಆ ಕಡೆಗೆ ತಿರುಗಿಸಲು ಹೇಳಿದೆ.

ಹಿನ್ನೀರು ದೂರಕ್ಕೆ ಇಳಿದಿತ್ತು. ಬಿರಿದ ಕೆಸರಿನ ಆ ದೊಡ್ಡ ಬಯಲಿನಲ್ಲಿ ಸಣ್ಣ ಸಣ್ಣ ಮಕ್ಕಳು ಆಡುತ್ತಿದ್ದವು. ನಡುವೆ ಮದುವೆಯ ಜರಿಪಂಚೆ ಉಟ್ಟು ನಮ್ಮವನು ನಿಂತಿದ್ದ. ಬಾಯಲ್ಲಿ ಒಂದು ಮಾತಿಲ್ಲ. ಚೆಂಡು ಉರುಳಿ ಅವನ ಕಾಲ ಹತ್ತಿರ ಬಂತು. ಅಷ್ಟು ವರ್ಷಗಳಲ್ಲಿ ಅವನು ಚೆಂಡನ್ನು ಒದ್ದದ್ದು ನಾನು ಒಮ್ಮೆಯೂ ನೋಡಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಬಲಗಾಲು ಬೀಸಿ ಒದ್ದ. ಚೆಂಡು ಎರಡು ಮಾರು ಹೋಯಿತು. ಚಪ್ಪಲಿ ಅದಕ್ಕಿಂತ ಬಹಳ ದೂರ ಹೋಯಿತು!

ಮಕ್ಕಳು ಕೇಕೆ ಹಾಕಿದವು. ನಾನು ದಡದಿಂದ, "ಹೊತ್ತಾಯ್ತು, ಬಾ ಮಾರಾಯ!" ಎಂದು ಕರೆದೆ.

"ನೀವು ಹೊರಡಿ ಅತ್ತಿಗೆ, ಮುಂದಿನ ಬಸ್ಸಿಗೆ ಬರ್ತೇನೆ!"

ಹಿಂದಕ್ಕೆ ನೋಡದೆ ಕೂಗಿದ. ನಾನು ಜೀಪು ಹತ್ತಿದೆ. ಆ ಸಂಜೆ ಎನ್.ಆರ್.ಪುರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಲ್ಲೇ ಅವನ ಎದೆ ನಿಂತಿತು ಎಂದು ಆಮೇಲೆ ಫೋನು ಬಂತು. ಆದರೆ ನಾನು ಕಡೆಯದಾಗಿ ಅವನನ್ನು ನೋಡಿದ್ದು ಜೀಪಿನ ಹಿಂದಿನ ಕಿಟಕಿಯಿಂದ. ಒಂದು ಕಾಲು ಬರಿದು, ಒಂದು ಕಾಲಿಗೆ ಚಪ್ಪಲಿ, ನಗುತ್ತಾ ಕುಂಟುತ್ತಾ ಓಡುತ್ತಿದ್ದ. ಅವನ ಚಪ್ಪಲಿಯನ್ನು ಮಕ್ಕಳು ಒಬ್ಬರಿಗೊಬ್ಬರು ಪಾಸ್ ಮಾಡುತ್ತಾ ನೀರಿನ ಕಡೆಗೆ ಒಯ್ಯುತ್ತಿದ್ದವು.