ಹೊಟ್ಟೆಗೆ ಕಟ್ಟಿದ ಕಾಲರಾ

ಬಾಟಲಿ ಅಳಿಯನಿಗೆ ಅವತ್ತು ಬಂದ ಕಷ್ಟಕ್ಕೆಲ್ಲ ಕಾರಣ ಒಂದು ಕ್ರಿಮಿ. ಕಚ್ಚುವ ಕ್ರಿಮಿಯಲ್ಲ, ಕುಟುಕುವ ಕ್ರಿಮಿಯೂ ಅಲ್ಲ. ಚಳಿಗೆ ಮುದುಡಿ ಮಲಗಿಬಿಟ್ಟು, ಏನು ಮಾಡಿದರೂ ಏಳದ ಸೋಮಾರಿ ಕ್ರಿಮಿ.

ಹೆಂಡತಿಯ ತವರಿನಲ್ಲೇ ಸಂಸಾರ ಹೂಡಿದ್ದರಿಂದ ಬೀದಿಗೆಲ್ಲ ಅವನು ಅಳಿಯ. ಕೈಯಲ್ಲಿ ಸದಾ ಗಾಜಿನ ಬಾಟಲಿಗಳ ಪೆಟ್ಟಿಗೆ ಇರುತ್ತಿದ್ದುದರಿಂದ ಬಾಟಲಿ ಅಳಿಯ. ಕೆಲಸ, ಕಡಲ ನೀರಿನ ಪರೀಕ್ಷಾಲಯದಲ್ಲಿ. ವಾರಕ್ಕೊಮ್ಮೆ ಬಂದರಿನ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು, ಬಾಟಲಿ ತುಂಬಿಸಿ ತರಬೇಕು. ಅದರಲ್ಲಿ ಕಾಲರಾ ಕ್ರಿಮಿ ಎಷ್ಟಿದೆ ಎಂದು ಒಳಗಿನವರು ಎಣಿಸುತ್ತಾರೆ. ಬೇಸಿಗೆಯಲ್ಲಿ ಕಡಲು ಬೆಚ್ಚಗಾಗಿ, ನೀರು ಹಸಿರು ತಿರುಗಿ, ಸಾಸಿವೆಗಿಂತ ಸಣ್ಣ ಸಿಗಡಿಯಂಥ ಜೀವಿಗಳು ಕಿಕ್ಕಿರಿಯುತ್ತವೆ. ಅವುಗಳ ಬೆನ್ನೇರಿ ಕಾಲರಾ ಕ್ರಿಮಿಗಳು ಸವಾರಿ ಹೊರಡುತ್ತವೆ. ಚಳಿಗಾಲ ಬಂತೋ, ಹುಡುಕಿದರೂ ಒಂದು ಸಿಗುವುದಿಲ್ಲ. ಆಗ ಅವು ಎಲ್ಲಿ ಹೋಗುತ್ತವೆ ಎಂಬುದೇ ಪರೀಕ್ಷಾಲಯಕ್ಕೆ ಎಂಟು ವರ್ಷದಿಂದ ತಲೆನೋವು.

ಈ ಚಳಿಗಾಲದಲ್ಲೂ ಏಳು ವಾರದಿಂದ ಬರೀ ಸೊನ್ನೆ. ಎಂಟನೆಯ ವಾರ, ಬಾಟಲಿ ತುಂಬಿಸಿ ತಂದಿಟ್ಟ ಬೆಳಿಗ್ಗೆ, ಪರೀಕ್ಷಾಲಯದ ಮುಖ್ಯಸ್ಥೆ ಮೇಡಂ ಅವನನ್ನು ಕರೆಸಿ, ಕಡತದಿಂದ ತಲೆ ಎತ್ತದೆ ಹೇಳಿದರು.

"ಮೇಲಿನವರ ಪತ್ರ ಬಂದಿದೆ. ಇವತ್ತಿನ ಬಾಟಲಿನೇ ಕೊನೇದು. ಐದು ಗಂಟೆಗೆ ಅದನ್ನ ನೋಡಿ, ನಿಮ್ಮ ವಿಭಾಗ ಇಡ್ಬೇಕೋ ಮುಚ್ಬೇಕೋ ಹೇಳ್ತೀನಿ."

ವಿಭಾಗ ಮುಚ್ಚಿದರೆ ಅಳಿಯನಿಗೆ ಮಾವನ ಮೀನಂಗಡಿಯೇ ಗತಿ. ಮಾವನೂ ಮೂರು ವರ್ಷದಿಂದ ಅದನ್ನೇ ಕಾಯುತ್ತಿದ್ದರು. "ನೀರು ಹೊರೋದೂ ಒಂದು ಕೆಲಸಾನಾ? ಬನ್ನಿ ಅಳಿಯಂದ್ರೇ, ಮೀನು ಸೀಳೋದು ಕಲಿಸ್ತೀನಿ" ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಳಿಯನಿಗೋ ಮೀನಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಬವಳಿ. ಹೆಣ್ಣು ನೋಡಲು ಬಂದ ದಿನವೇ ಆ ಅಂಗಡಿಯ ಮುಂದೆ ದೊಪ್ಪನೆ ಬಿದ್ದಿದ್ದ. ಹುಡುಗಿಯನ್ನು ಕಂಡು ಮೂರ್ಛೆ ಹೋದ ಎಂದು ಬೀದಿಯವರು ಮೆಚ್ಚಿಕೊಂಡಿದ್ದರು.

ಅವನು ನೇರ ಸೂಕ್ಷ್ಮದರ್ಶಕದ ಅಕ್ಕನ ಬಳಿಗೆ ಓಡಿದ. ಕ್ರಿಮಿ ಎಣಿಸುವವಳು ಆಕೆಯೇ.

"ಅಕ್ಕಾ, ಹೇಗಾದ್ರೂ ಮಾಡಿ ಇವತ್ತೊಂದಿನ ನಾಲ್ಕು ಕ್ರಿಮಿ ತೋರಿಸಿ."

"ನಾನೇನು ಜೇಬಲ್ಲಿ ಇಟ್ಕೊಂಡಿದೀನಾ?" ಎಂದಳು ಅಕ್ಕ. "ನೋಡಪ್ಪಾ, ಅವು ಸತ್ತಿಲ್ಲ, ಮಲಗಿವೆ ಅಂತ ನನ್ ಅನುಮಾನ. ನಾವು ತಣ್ಣೀರಿಂದ ತೆಗೆದು ಸೀದಾ ಆಹಾರ ಸವರಿದ ತಟ್ಟೆಗೆ ಹಾಕಿ ಬೆಳೀರಿ ಅಂತೀವಿ. ನಿದ್ದೆ ಹೊಡೀತಿರೋರ ಮುಂದೆ ತಟ್ಟೆ ಇಟ್ರೆ ಎದ್ದು ಉಣ್ತಾರಾ? ಮೊದಲು ಮೆಲ್ಲಗೆ ಎಬ್ಬಿಸ್ಬೇಕು. ಮೈ ಬಿಸಿಯಷ್ಟು ಬೆಚ್ಚಗೆ, ಏಳೆಂಟು ಗಂಟೆ."

"ಮತ್ತೆ ಎಬ್ಬಿಸಿ."

"ಬಿಸಿ ಪೆಟ್ಟಿಗೆ ಕೆಟ್ಟು ಕೂತಿದೆ. ರಿಪೇರಿಯವನು ಬರೋದು ಗುರುವಾರ." ಅಕ್ಕ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ನಿನ್ ಹೊಟ್ಟೆ ಇದೆಯಲ್ಲ."

ಒಂಬತ್ತು ಗಂಟೆಗೆಲ್ಲ ಬಾಟಲಿಯ ಮುಚ್ಚಳಕ್ಕೆ ಮೇಣ ಬಳಿದು, ಬಟ್ಟೆಯ ಪಟ್ಟಿಯಿಂದ ಅವನ ಹೊಟ್ಟೆಗೆ ಬಿಗಿದಾಗಿತ್ತು. ಅದರ ಮೇಲೆ ಅಂಗಿ, ಅಂಗಿಯ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಕೋಟು. "ಮನೆಗೆ ಹೋಗಿ ಹೊದ್ಕೊಂಡು ಮಲಗು. ತಣ್ಣಗಾಗ್ಬಾರ್ದು, ಅಷ್ಟೇ" ಎಂದು ಅಕ್ಕ ಬಾಗಿಲವರೆಗೆ ಬಂದು ಕಳಿಸಿದಳು.

ಮನೆಯ ಬಾಗಿಲು ತೆರೆದ ಅತ್ತೆಯ ಕಣ್ಣು ಮೊದಲು ಬಿದ್ದದ್ದು ಆ ಹೊಟ್ಟೆಯ ಮೇಲೆ. ಅಳಿಯ ಇದ್ದದ್ದನ್ನು ಇದ್ದಂತೆ ಹೇಳಿದ. ನಮ್ಮ ಅಳಿಯಂದ್ರು ಪರೀಕ್ಷಾಲಯದಲ್ಲಿದ್ದಾರೆ ಎಂದು ಹೇಳಿಕೊಂಡು ಓಡಾಡುವ ಅತ್ತೆಗೆ ಆ ಕೆಲಸ ಹೋಗುವುದೆಂದರೆ ತಾಳಿಕೊಳ್ಳುವ ಮಾತೇ ಅಲ್ಲ. ನಾಲ್ಕು ಹೆತ್ತಿದ್ದ ಆಕೆ ತಕ್ಷಣ ಕಾರ್ಯಭಾರ ವಹಿಸಿಕೊಂಡರು.

"ಎಡಗಡೆ ತಿರುಗಿ ಮಲಗಿ. ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ."

"ಅತ್ತೆ, ಇದು ಬಾಟಲಿ."

"ಏನೇ ಆಗ್ಲಿ, ಹೊಟ್ಟೆ ವಿಷಯ ನನಗೆ ಬಿಡಿ."

ಹತ್ತು ಗಂಟೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಎದುರುಮನೆಯ ದರ್ಜಿ ಟೇಪು ಹಿಡಿದು ಬಂದು ಅಳಿಯನ ಹೊಟ್ಟೆಯ ಸುತ್ತಳತೆ ತೆಗೆದ. ಉಣ್ಣೆಯ ಚೀಲವೊಂದನ್ನು ಹೊಲಿದುಕೊಡುತ್ತಾನಂತೆ. "ಕ್ರಿಮಿ ಬೆಳೀತಾವೆ ಅಂದ್ರಲ್ಲ, ಅದಕ್ಕೆ ಎರಡಿಂಚು ಜಾಸ್ತಿ ಬಿಡ್ತೀನಿ" ಎಂದ. ಮಹಡಿ ಮೇಲಿನ ನಿವೃತ್ತ ಪೋಸ್ಟ್ ಮಾಸ್ತರರು ಥರ್ಮಾಮೀಟರ್ ತಂದು, ಕಾಲು ಗಂಟೆಗೊಮ್ಮೆ ಅಳಿಯನ ಬಾಯಿಗೆ ತುರುಕಿ, ಬಂದ ಅಂಕಿಯನ್ನು ಹಾಳೆಯಲ್ಲಿ ಬರೆದುಕೊಂಡು, ಕಿಟಕಿಯಿಂದ ಬೀದಿಗೂ ಕೂಗಿ ಹೇಳತೊಡಗಿದರು. ಇಷ್ಟು ಜನ ಸುತ್ತ ಕೂತರೆ ಯಾರ ಮೈ ತಾನೇ ನೆಟ್ಟಗಿರುತ್ತದೆ? ನಾಚಿಕೆಗೆ ಮೈಬಿಸಿ ಒಮ್ಮೆ ಏರಿತು, ಹೆದರಿಕೆಗೆ ಒಮ್ಮೆ ಇಳಿಯಿತು. ಇಳಿದಾಗಲೆಲ್ಲ ಯಾರೋ ಒಬ್ಬರು ತಮ್ಮ ಮನೆಯಿಂದ ಕಂಬಳಿ ತಂದು ಹೇರಿದರು. ಐದನೆಯ ಕಂಬಳಿಯ ಹೊತ್ತಿಗೆ ಅಳಿಯನ ಮೂಗಿನ ತುದಿ ಮಾತ್ರ ಹೊರಗಿತ್ತು.

ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು. "ರೀ, ನಾನು ಬಸುರಿಯಾಗಿದ್ದಾಗ ಇದರಲ್ಲಿ ಅರ್ಧ ಜನಾನೂ ಬಂದಿರ್ಲಿಲ್ಲ" ಎಂದು ಪಾತ್ರೆ ಕುಕ್ಕಿದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮೀನಂಗಡಿಗೂ ಮುಟ್ಟಿತು. ಮಾವ ಎಂದೂ ಇಲ್ಲದ ನಗುಮುಖ ಹೊತ್ತು ಬಂದರು.

"ಅಳಿಯಂದ್ರೇ, ಐಸಿನ ಲಾರಿ ಬಂದಿದೆ. ಅಂಗಡೀಲಿ ಒಂದು ಕೈ ಹಿಡಿಯೋರಿಲ್ಲ. ಎರಡೇ ನಿಮಿಷ ಬಂದು ಹೋಗಿ."

ಅತ್ತೆ ಮನೆಯಲ್ಲಿರಲಿಲ್ಲ, ಆರನೆಯ ಕಂಬಳಿಗೆ ಹೋಗಿದ್ದರು. ಮೂರು ವರ್ಷ ಉಂಡ ಮನೆಯ ಯಜಮಾನನಿಗೆ ಒಲ್ಲೆ ಅನ್ನಲು ಅಳಿಯನಿಗೆ ನಾಲಿಗೆ ಬರಲಿಲ್ಲ. ಹೊಟ್ಟೆ ಹಿಡಿದುಕೊಂಡು ಮಾವನ ಹಿಂದೆ ನಡೆದ. ಲಾರಿಯ ಹಿಂದೆ ಟ್ರಂಕಿನಷ್ಟು ದೊಡ್ಡ ಐಸು ಕಾದಿತ್ತು.

"ಹೀಗೆ ಅವುಚಿ ಹಿಡೀಬೇಕು, ಹೊಟ್ಟೆಗೆ ಒತ್ತಿ" ಎಂದು ಮಾವ ತೋರಿಸಿಕೊಟ್ಟರು.

ಅಳಿಯನಿಗೆ ಆಗ ಮಾವನ ನಗುವಿನ ಅರ್ಥವಾಯಿತು. ಆದರೆ ಅವನೂ ಕಡಿಮೆಯವನಲ್ಲ. ಗಿರಕ್ಕನೆ ತಿರುಗಿ ಐಸನ್ನು ಬೆನ್ನ ಮೇಲೆ ಹೊತ್ತುಕೊಂಡ. ಬೆನ್ನು ಮರಗಟ್ಟಿದರೂ ಹೊಟ್ಟೆ ಬೆಚ್ಚಗಿತ್ತು. ಹತ್ತು ಹೆಜ್ಜೆ ನಡೆದದ್ದೂ ಆಯಿತು. ಹನ್ನೊಂದನೆಯ ಹೆಜ್ಜೆಗೆ ಅಂಗಡಿಯೊಳಗಿನ ವಾಸನೆ ಎದುರಾಯಿತು. ಕಣ್ಣು ಕತ್ತಲಿಟ್ಟು, ಐಸು ಒಂದು ಕಡೆ, ಅಳಿಯ ಒಂದು ಕಡೆ. ಪುಣ್ಯಕ್ಕೆ ಮೀನಿನ ಬುಟ್ಟಿಯ ಮೇಲೆ ಅಂಗಾತ ಬಿದ್ದ.

ಕಂಬಳಿ ಸಮೇತ ಓಡಿಬಂದ ಅತ್ತೆ ಅವನ ಮುಖಕ್ಕೆ ನೀರು ಹಾಕಲಿಲ್ಲ, ಹೆಸರು ಹಿಡಿದು ಕೂಗಲೂ ಇಲ್ಲ. ಕೋಟು ಸರಿಸಿ, ಪಟ್ಟಿ ಬಿಚ್ಚಿ, ಬಾಟಲಿ ಒಡೆದಿಲ್ಲವೆಂದು ನೋಡಿ, ಅಂಗಡಿಯ ಹಿಂದಕ್ಕೆ ಹೋಗಿ ಅದನ್ನು ತಮ್ಮ ಸ್ವೆಟರಿನೊಳಗೆ ಕಟ್ಟಿಕೊಂಡು ಬಂದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಿಮಗೆ ಮನೇಲಿ ಬಿಸಿ ಊಟ ಬೇಕೋ ಬೇಡ್ವೋ?"

ಮಾವ ಬಿದ್ದ ಐಸನ್ನು ತಾವೇ ಹೊತ್ತುಕೊಂಡು ಅಂಗಡಿಯೊಳಗೆ ನಡೆದರು.

ಅಲ್ಲಿಂದ ಸಂಜೆಯವರೆಗೆ ಅತ್ತೆ ಕೂತವರೇ ಅಲ್ಲ. ಕೂತರೆ ಮೈ ತಣ್ಣಗಾಗುತ್ತದೆಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದದ್ದೇ ನಡೆದದ್ದು. ಹಿಂದಿನಿಂದ ಪೋಸ್ಟ್ ಮಾಸ್ತರರು ಥರ್ಮಾಮೀಟರ್ ಹಿಡಿದು ಏದುಸಿರು ಬಿಡುತ್ತ ಓಡಿದರು. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಅತ್ತೆ, ದರ್ಜಿ, ಮಾಸ್ತರರು, ಬೆನ್ನು ನೆಟ್ಟಗಾಗದ ಅಳಿಯ, ಎಲ್ಲರಿಗಿಂತ ಹಿಂದೆ ಮಾವ, ಹೀಗೆ ದಂಡು ಕಟ್ಟಿಕೊಂಡು ಪರೀಕ್ಷಾಲಯ ಸೇರಿದರು.

ಅಕ್ಕ ಬಾಟಲಿಯ ಮೇಣ ಕಿತ್ತು, ಬೆರಳುದ್ದದ ಕಾಗದದ ಪಟ್ಟಿಯನ್ನು ಅದ್ದಿ ಮೇಜಿನ ಮೇಲಿಟ್ಟಳು. ಕ್ರಿಮಿ ಎದ್ದಿದ್ದರೆ ಕೆಂಪು ಗೆರೆ ಮೂಡಬೇಕು. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ, ಏನೂ ಇಲ್ಲ. ಮೂರನೆಯ ನಿಮಿಷಕ್ಕೆ ಮೆಲ್ಲಗೆ ಮೂಡಿದ ಗೆರೆ, ನೋಡನೋಡುತ್ತಿದ್ದಂತೆ ದಪ್ಪಗಾಯಿತು.

ಊರಲ್ಲಿ ಕಾಲರಾ ಕ್ರಿಮಿ ಸಿಕ್ಕಿದ್ದಕ್ಕೆ ಜನ ತಬ್ಬಿಕೊಂಡು ಕುಣಿದದ್ದು ಅದೇ ಮೊದಲಿರಬೇಕು. ಅಳಿಯನ ಕಣ್ಣಲ್ಲಿ ನೀರೇ ಬಂತು. ಮೇಡಂ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಬಂದು ಅವನ ಕೈ ಕುಲುಕಿದರು.

"ಚಳಿಗಾಲದಲ್ಲೂ ಅವು ಎಲ್ಲೂ ಹೋಗಿಲ್ಲ. ಇಲ್ಲೇ ಮಲಗಿದ್ವು. ಎಂಟು ವರ್ಷದ ಪ್ರಶ್ನೆಗೆ ಉತ್ತರ ಕೊಟ್ರಿ."

"ಹಾಗಾದ್ರೆ ವಿಭಾಗ, ಮೇಡಂ?"

"ನಾಳೆಯಿಂದ ಮುಚ್ತೀವಿ."

ಅಳಿಯ ಕೆಂಪು ಗೆರೆಯನ್ನೊಮ್ಮೆ, ಮೇಡಂ ಮುಖವನ್ನೊಮ್ಮೆ ನೋಡಿದ.

"ಉತ್ತರ ಸಿಕ್ಕ ಮೇಲೆ ಇನ್ನೇನು ಹುಡುಕೋದು?" ಎಂದರು ಮೇಡಂ. "ಪತ್ರದಲ್ಲಿ ಸ್ಪಷ್ಟವಾಗಿದೆ. ಕ್ರಿಮಿ ಸಿಗದಿದ್ರೆ ಇನ್ನೂ ಐದು ವರ್ಷ ಹುಡುಕಿ, ಸಿಕ್ಕಿದ್ರೆ ಮುಗಿಸಿ ಅಂತ."

ಮೂಲೆಯಲ್ಲಿದ್ದ ಮಾವ ಎರಡು ಹೆಜ್ಜೆ ಮುಂದೆ ಬಂದರು. "ಅಂದ್ರೆ ಆ ಐಸು ಹೊಟ್ಟೆಗೆ ಒತ್ತಿ ಹಿಡಿದಿದ್ರೆ ಇವರ ಕೆಲಸ ಉಳೀತಿತ್ತಾ?"

ಅಷ್ಟರಲ್ಲಿ ಪೋಸ್ಟ್ ಮಾಸ್ತರರು ತಮ್ಮ ಹಾಳೆಯನ್ನು ಮೇಡಂ ಕೈಗೆ ಕೊಟ್ಟರು. ಮೇಡಂ ಓದುತ್ತ ಹೋದಂತೆ ಅವರ ಹುಬ್ಬು ಮೇಲೇರಿತು.

"ಮಧ್ಯಾಹ್ನದ ಮೇಲೆ ಬಿಸಿ ಒಂದು ಕೂದಲೆಳೆಯಷ್ಟೂ ಏರಿಳಿದಿಲ್ಲ. ಇದು ಯಾರು?"

"ನಾನೇ" ಎಂದರು ಅತ್ತೆ.

"ಕ್ರಿಮಿ ಏಳೋದು ಹೇಗೆ ಅಂತ ಹೊಸ ಯೋಜನೆ ಶುರು ಮಾಡ್ತಿದೀವಿ. ಒಂದೇ ಹುದ್ದೆ ಇದೆ. ಸೋಮವಾರದಿಂದ ಬರ್ತೀರಾ?"

"ಮೇಡಂ, ನಾನು..." ಎಂದು ಅಳಿಯ ಬಾಯಿ ತೆರೆದ.

ಮೇಡಂ ಹಾಳೆಯ ಮೇಲ್ಭಾಗದ ಮೇಲೆ ಬೆರಳಾಡಿಸಿದರು. "ನಿಮ್ಮದು ಏರಿಳಿತ ಜಾಸ್ತಿ."

ಅತ್ತೆ ಸ್ವೆಟರ್ ಸರಿಮಾಡಿಕೊಂಡು, ಎಷ್ಟು ಗಂಟೆಗೆ ಬರಬೇಕೆಂದು ಕೇಳಿದರು. ಮಾವ ಅಳಿಯನ ಹೆಗಲ ಮೇಲೆ ಕೈ ಹಾಕಿದರು.

"ಬೆಳಿಗ್ಗೆ ಐದಕ್ಕೆಲ್ಲ ದೋಣಿ ಬಂದುಬಿಡತ್ತೆ, ಅಳಿಯಂದ್ರೇ. ಇವತ್ತು ಬೇಗ ಮಲಗಿ."